ಬೇಸಾಯದ ಹಳೆಯ ಕೈಸಲಕರಣೆಗಳು: ಗುರುತಿಸುವ ಬಗೆ

ಉದ್ಯೋಗನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರ ಮೂಲ ಮನೆಗಳು ಇಂದಿಗೂ ಹಳ್ಳಿಗಳಲ್ಲಿವೆ. ಹಬ್ಬಕ್ಕೋ ಮದುವೆಗೋ ಊರಿಗೆ ಹೋದಾಗ, ಇಲ್ಲವೇ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವ ಸಂದರ್ಭದಲ್ಲಿ, ಅಟ್ಟದ ಮೇಲೂ ಕೊಟ್ಟಿಗೆಯ ಮೂಲೆಯಲ್ಲೂ ತುಕ್ಕು ಹಿಡಿದ ಕಬ್ಬಿಣದ ಅಲಗುಗಳು, ಸವೆದ ಮರದ ಹಿಡಿಗಳು, ತೂತುಗಳುಳ್ಳ ಮರದ ಬಟ್ಟಲುಗಳು ಕಣ್ಣಿಗೆ ಬೀಳುವುದುಂಟು. ಇವು ಏನೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿಲ್ಲದಿದ್ದರೆ ಕಬ್ಬಿಣವು ಗುಜರಿಯವನ ತಕ್ಕಡಿಗೂ ಮರವು ಒಲೆಗೂ ಸೇರುತ್ತದೆ.

ತಕ್ಕಡಿಯಲ್ಲಿ ಕುಡುಗೋಲಿಗೂ ಮುರಿದ ನಲ್ಲಿಯ ಕೊಳವೆಗೂ ಒಂದೇ ಬೆಲೆ. ಆದರೆ ಆ ಕುಡುಗೋಲಿನಲ್ಲಿ ಒಂದು ಊರಿನ ಬೆಳೆ, ಮಣ್ಣು, ಕಮ್ಮಾರನ ಕೈಚಳಕ, ಬಳಸಿದವರ ದೇಹಶ್ರಮ ಇವೆಲ್ಲದರ ಗುರುತು ಉಳಿದಿರುತ್ತದೆ. ಆ ಗುರುತನ್ನು ಓದುವ ಕ್ರಮವನ್ನು ಸಾಮಾನ್ಯ ಓದುಗರಿಗೆ ತಿಳಿಸುವುದು ಈ ಲೇಖನದ ಉದ್ದೇಶ. ವಸ್ತು ಉಳಿದು ಹೆಸರು ಅಳಿದರೆ ಉಳಿದ ವಸ್ತುವಿನ ಅರ್ಧ ಬೆಲೆ ಹೋದಂತೆಯೇ ಸರಿ. ವಸ್ತುವನ್ನು ಮುಂದೆಯೂ ಹುಡುಕಿ ತರಬಹುದು. ಅದರ ಹೆಸರನ್ನು ಬಲ್ಲ ಹಿರಿಯರನ್ನು ತರಲಾಗದು.

ಹೆಸರಿಗಿಂತ ಮೊದಲು ಕೆಲಸ

ಹಳೆಯ ಸಲಕರಣೆಯೊಂದು ಕೈಗೆ ಬಂದಾಗ ಅದರ ಹೆಸರೇನೆಂದು ಕೇಳುವುದು ಸಹಜ. ಆದರೆ ಅದು ಮಾಡುತ್ತಿದ್ದ ಕೆಲಸವನ್ನು ಮೊದಲು ಊಹಿಸುವುದು ಹೆಚ್ಚು ಫಲಕಾರಿ. ಹೆಸರು ಊರಿಂದೂರಿಗೆ ಬದಲಾಗುತ್ತದೆ. ಕೆಲಸ ಮಾತ್ರ ವಸ್ತುವಿನ ಆಕಾರದಲ್ಲಿಯೇ ಅಡಗಿರುತ್ತದೆ. ಇದಕ್ಕಾಗಿ ನಾಲ್ಕು ಅಂಶಗಳನ್ನು ಕ್ರಮವಾಗಿ ಗಮನಿಸಬೇಕು.

ಮೊದಲನೆಯದು ಬಾಯಿ, ಅಂದರೆ ಹರಿತವಾದ ಅಂಚು. ಅದು ಬಾಗಿನ ಒಳಬದಿಗಿದೆಯೇ, ಹೊರಬದಿಗಿದೆಯೇ? ನುಣುಪಾಗಿದೆಯೇ, ಹಲ್ಲುಗಳಿವೆಯೇ? ಒಂದೇ ಮುಖದಿಂದ ಇಳಿಜಾರಾಗಿ ಹರಿತ ಮಾಡಲಾಗಿದೆಯೇ, ಎರಡೂ ಮುಖಗಳಿಂದಲೇ?

ಎರಡನೆಯದು ಹಿಡಿಯ ಜೋಡಣೆ. ಕಬ್ಬಿಣದಲ್ಲಿ ದುಂಡಗಿನ ಇಲ್ಲವೇ ಮೊಟ್ಟೆಯಾಕಾರದ ಕಣ್ಣು ಇದ್ದು ಅದರೊಳಗೆ ಕೋಲನ್ನು ತೂರಿಸುವಂತಿದ್ದರೆ ಅದು ಬೀಸಿ ಹೊಡೆಯುವ ಸಲಕರಣೆ. ಈ ಕೋಲಿಗೆ ಕನ್ನಡದಲ್ಲಿ ‘ಕಾವು’ ಎಂದು ಹೆಸರು. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯಲ್ಲಿ ಬರುವ ಕಾವು ಇದೇ. ಅಲಗಿನ ಹಿಂಬದಿಯು ಮೊಳೆಯಂತೆ ಚೂಪಾಗಿದ್ದು ಮರದ ಹಿಡಿಯೊಳಗೆ ಸೇರುವಂತಿದ್ದರೆ ಅದು ಎಳೆಯುವ ಅಥವಾ ಕೊಯ್ಯುವ ಸಲಕರಣೆ. ಹಿಂಬದಿಯನ್ನು ಕೊಳವೆಯಂತೆ ಸುತ್ತಿದ್ದರೆ ಅದನ್ನು ಉದ್ದನೆಯ ಗಳುವಿಗೆ ಸಿಕ್ಕಿಸುತ್ತಿದ್ದರೆಂದು ತಿಳಿಯಬಹುದು.

ಮೂರನೆಯದು ಸವೆತ. ಕೆಲಸ ಮಾಡಿದ ಭಾಗ ಸವೆಯುತ್ತದೆ, ಮಾಡದ ಭಾಗ ಉಳಿಯುತ್ತದೆ. ಅಲಗಿನ ಒಂದು ಮೂಲೆ ಮಾತ್ರ ದುಂಡಗಾಗಿದ್ದರೆ ಬಳಸಿದವರು ಯಾವ ಕೈಯಿಂದ, ಯಾವ ಕಡೆಗೆ ವಾಲಿ ಕೆಲಸ ಮಾಡುತ್ತಿದ್ದರೆಂಬುದು ಸಹ ತಿಳಿಯುತ್ತದೆ. ಹಿಡಿಯ ಮೇಲೆ ಬೆರಳುಗಳು ಕೂರುತ್ತಿದ್ದ ಸ್ಥಳವು ನಯವಾಗಿ ಹೊಳೆಯುತ್ತದೆ.

ನಾಲ್ಕನೆಯದು ತೂಕ. ಒಂದೇ ಆಕಾರದ ಎರಡು ಅಲಗುಗಳಲ್ಲಿ ಹಗುರವಾದುದು ಹುಲ್ಲಿಗೆ, ಭಾರವಾದುದು ಕೊಂಬೆಗೆ. ತೂಕವು ಹಿಡಿಯ ಕಡೆಗಿದ್ದರೆ ಕೊಯ್ಯಲು, ತುದಿಯ ಕಡೆಗಿದ್ದರೆ ಕಡಿಯಲು ಎಂದು ಸ್ಥೂಲವಾಗಿ ಹೇಳಬಹುದು.

ಅಗೆಯುವ ಸಲಕರಣೆಗಳು

ಅಗೆತದ ಸಲಕರಣೆಗಳಲ್ಲಿ ಗುದ್ದಲಿಯು ಪ್ರಧಾನವಾದುದು. ಯಾವುದೇ ಕಟ್ಟಡದ ಕೆಲಸವನ್ನು ‘ಗುದ್ದಲಿ ಪೂಜೆ’ಯಿಂದ ಆರಂಭಿಸುವ ರೂಢಿಯೇ ಅದರ ಸ್ಥಾನವನ್ನು ಸೂಚಿಸುತ್ತದೆ. ಇದರ ಅಲಗು ಚಪ್ಪಟೆ. ಮೇಲ್ತುದಿಯಲ್ಲಿ ಕಣ್ಣಿದ್ದು ಕಾವು ಕೆಲಸಗಾರನ ಕಡೆಗೆ ಚಾಚಿರುತ್ತದೆ. ಅಲಗಿಗೂ ಕಾವಿಗೂ ನಡುವಿನ ಕೋನವನ್ನು ಗಮನಿಸುವುದು ಮುಖ್ಯ. ಕೋನ ಕಿರಿದಾಗಿದ್ದರೆ ಬಗ್ಗಿ ನಿಂತು ಮಣ್ಣನ್ನು ತನ್ನತ್ತ ಎಳೆದುಕೊಳ್ಳುವ, ಬದು ಕಟ್ಟುವ, ನೀರಿನ ಕಾಲುವೆ ತಿದ್ದುವ ಕೆಲಸಕ್ಕೆ. ಕೋನ ಹೆಚ್ಚುಕಡಿಮೆ ನೇರವಾಗಿದ್ದರೆ ಗಟ್ಟಿ ನೆಲಕ್ಕೆ ಬೀಸಿ ಹೊಡೆಯುವ ಕೆಲಸಕ್ಕೆ. ಅಗಲವಾದ ತೆಳು ಅಲಗಿನದನ್ನು ಹಲವೆಡೆ ಸನಿಕೆ ಅಥವಾ ಸಲಿಕೆ ಎನ್ನುವರು. ಅದು ಅಗೆದ ಮಣ್ಣನ್ನು ತೆಗೆಯುವುದಕ್ಕೇ ಹೊರತು ಅಗೆಯುವುದಕ್ಕಲ್ಲ. ಎರಡು ಮೊನೆಗಳುಳ್ಳ, ನಡುವೆ ಕಣ್ಣಿರುವ ಪಿಕಾಸಿಯು ಕಲ್ಲುಮಿಶ್ರಿತ ನೆಲಕ್ಕೆ ಮೀಸಲು. ಹಾರೆಯು ಕಾವಿಲ್ಲದ, ಇಡಿಯಾಗಿ ಕಬ್ಬಿಣದ ಉದ್ದನೆಯ ಸಲಾಕೆ. ಕುಳಿ ತೋಡಲು, ಬಂಡೆಯನ್ನು ಮೀಟಲು ಬಳಕೆ.

ಉದ್ದನೆಯ ನೇರ ಹಿಡಿಯ ತುದಿಯಲ್ಲಿ ಅಡ್ಡಪಟ್ಟಿಯಿದ್ದು, ಕಾಲಿನಿಂದ ಮೆಟ್ಟಿ ನೆಲಕ್ಕಿಳಿಸುವಂತಹ ಸಲಕರಣೆ ಅಥವಾ ನಾಲ್ಕು ಮುಳ್ಳುಗಳ ಕವಲುಗುದ್ದಲಿ ದೊರೆತರೆ ಅದು ಯುರೋಪಿನ ತೋಟಗಾರಿಕೆಯ ಪದ್ಧತಿಯದು. ಕಾಲಿನಿಂದ ಮೆಟ್ಟಲು ಗಟ್ಟಿ ಬೂಟು ಬೇಕು. ಬರಿಗಾಲಿನಲ್ಲಿ ದುಡಿಯುವ ನಮ್ಮ ರೈತನು ತೋಳಿನ ಬಲದಿಂದ ಬೀಸುವ ಗುದ್ದಲಿಯನ್ನೇ ನೆಚ್ಚಿಕೊಂಡಿದ್ದುದು ಸಕಾರಣವಾಗಿತ್ತು. ಕಾಲಿನ ಸಲಕರಣೆಗಳು ಸಾಮಾನ್ಯವಾಗಿ ಸಾರ್ವಜನಿಕ ಉದ್ಯಾನ, ಬಂಗಲೆಯ ಹೂದೋಟ, ಕಾಫಿ ತೋಟ ಇವುಗಳಿಗೆ ಸಂಬಂಧಿಸಿದವು. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನ ತಯಾರಕರು ನಮ್ಮ ದೇಶದ ಗುದ್ದಲಿಯ ಮಾದರಿಯನ್ನೇ ಅನುಸರಿಸಿ ತಯಾರಿಸಿದುದೂ ಉಂಟು. ತಮಿಳಿನ ‘ಮಣ್ವೆಟ್ಟಿ’ಯಿಂದ ಹುಟ್ಟಿದ ‘ಮಮ್ಮಟಿ’ ಎಂಬ ಹೆಸರು ಆ ವ್ಯಾಪಾರದ ಭಾಷೆಗೂ ಸೇರಿತು.

ಅಗೆತಕ್ಕೆ ಸಂಬಂಧಿಸಿದ ಮತ್ತೊಂದು ವಸ್ತು ಹೆಂಟೆ ಒಡೆಯುವ ಕೊಡತಿ. ಇದು ಇಡಿಯಾಗಿ ಮರದ್ದು. ಹಿಡಿ ಉದ್ದವಾಗಿದ್ದು, ತಲೆಯ ಕೆಳಮುಖದಲ್ಲಿ ಮಣ್ಣಿನ ಸವೆತವಿದ್ದರೆ ಹೊಲದ ಹೆಂಟೆಗಳನ್ನು ನಿಂತೇ ಒಡೆಯುವ ಕೊಡತಿಯೆಂದೂ, ಹಿಡಿ ಗಿಡ್ಡವಾಗಿದ್ದರೆ ಕುಳಿತು ಕಾಯಿ, ತೆನೆ ಬಡಿಯುವ ಕೊಡತಿಯೆಂದೂ ಊಹಿಸಬಹುದು.

ಕೊಯ್ಯುವ ಮತ್ತು ಕಡಿಯುವ ಸಲಕರಣೆಗಳು

ಅತಿ ಹೆಚ್ಚಾಗಿ ದೊರೆಯುವ ವಸ್ತು ಕುಡುಗೋಲು. ಹಳೆಯ ಮೈಸೂರಿನ ಆಡುಮಾತಿನಲ್ಲಿ ಇದು ಕುಡ್ಲು. ಇದರಲ್ಲಿ ಎರಡು ಮುಖ್ಯ ಬಗೆ. ಹಲ್ಲಿನ ಕುಡುಗೋಲು ಭತ್ತ, ರಾಗಿ, ಹುಲ್ಲು ಮೊದಲಾದ ತೆಳುಕಾಂಡದ ಬೆಳೆಗಳಿಗೆ. ಎಡಗೈಯಲ್ಲಿ ಒಂದು ಹಿಡಿ ಪೈರನ್ನು ಹಿಡಿದು ಬಲಗೈಯಿಂದ ತನ್ನತ್ತ ಎಳೆದಾಗ ಅದು ಗರಗಸದಂತೆ ಕೊಯ್ಯುತ್ತದೆ. ಆದ್ದರಿಂದಲೇ ಅದರ ಹಲ್ಲುಗಳು ಸಾಮಾನ್ಯವಾಗಿ ಹಿಡಿಯ ಕಡೆಗೆ ಓರೆಯಾಗಿರುತ್ತವೆ. ನುಣುಪು ಬಾಯಿಯ ಕುಡುಗೋಲು ಜೋಳದ ದಂಟು, ಗಿಡದ ಸೊಪ್ಪು, ಎಳೆಯ ಕೊಂಬೆ ಮುಂತಾದವುಗಳಿಗೆ. ಇದರ ಅಲಗು ಹೆಚ್ಚು ಅಗಲ, ಬೆನ್ನು ಹೆಚ್ಚು ದಪ್ಪ.

ಹಲ್ಲುಗಳನ್ನು ಉಳಿಯಿಂದ ಒಂದೇ ಮುಖದಲ್ಲಿ ಕೊರೆದಿರುವುದರಿಂದ ಹಲ್ಲಿನ ಕುಡುಗೋಲಿಗೆ ಎಡ–ಬಲ ಎಂಬ ಭೇದವಿದೆ. ಹಲವು ಕುಡುಗೋಲುಗಳ ನಡುವೆ ಒಂದರಲ್ಲಿ ಮಾತ್ರ ಹಲ್ಲುಗಳು ವಿರುದ್ಧ ಮುಖದಲ್ಲಿದ್ದರೆ, ಆ ಮನೆಯಲ್ಲಿ ಎಡಗೈಯಿಂದ ಕೊಯ್ಯುವವರೊಬ್ಬರಿದ್ದರೆಂದೂ ಅವರಿಗಾಗಿಯೇ ಕಮ್ಮಾರನು ಅದನ್ನು ಮಾಡಿಕೊಟ್ಟಿರಬೇಕೆಂದೂ ತರ್ಕಿಸಬಹುದು. ಕಾರ್ಖಾನೆಯ ಸರಕಿನಲ್ಲಿ ಇಂತಹ ಅನುಕೂಲ ದುರ್ಲಭ.

ಕೊಡಲಿಗೂ ಬಾಚಿಗೂ ಇರುವ ವ್ಯತ್ಯಾಸವು ಅಂಚಿನ ದಿಕ್ಕಿನಲ್ಲಿದೆ. ಕೊಡಲಿಯ ಅಂಚು ಕಾವಿಗೆ ಸಮಾನಾಂತರ; ಬಾಚಿಯ ಅಂಚು ಕಾವಿಗೆ ಅಡ್ಡ. ಬಾಚಿಯನ್ನು ಕಂಡು ಸಣ್ಣ ಗುದ್ದಲಿಯೆಂದು ಭ್ರಮಿಸುವವರಿದ್ದಾರೆ. ಗುದ್ದಲಿಯ ಅಲಗು ತಗಡಿನಂತೆ ತೆಳುವಾಗಿದ್ದು ಮಣ್ಣಿನಲ್ಲಿ ಸವೆದಿರುತ್ತದೆ. ಬಾಚಿಯ ಅಲಗು ಗಿಡ್ಡ, ದಪ್ಪ. ಒಳಮುಖದಿಂದ ಉಳಿಯಂತೆ ಹರಿತ ಮಾಡಿರುತ್ತದೆ. ಅದು ಬಡಗಿಯ ಸಲಕರಣೆಯಾದರೂ ನೇಗಿಲು, ಕುಂಟೆಗಳ ಮರಗೆಲಸಕ್ಕೆ ಬೇಕಾದುದರಿಂದ ರೈತರ ಮನೆಗಳಲ್ಲಿಯೂ ದೊರೆಯುತ್ತದೆ. ಮಚ್ಚು ಕಣ್ಣಿಲ್ಲದ, ದಪ್ಪ ಬೆನ್ನಿನ, ತುದಿಭಾರದ ಕತ್ತಿ. ಸೌದೆ ಸೀಳಲು, ಎಳನೀರು ಕೆತ್ತಲು ಉಪಯುಕ್ತ.

ಕೊಡಗಿನ ಮನೆಗಳಲ್ಲಿ ದೊರೆಯುವ ಒಡಿಕತ್ತಿ ಮತ್ತು ಪೀಚೆಕತ್ತಿಗಳನ್ನು ಈ ಸಾಲಿಗೆ ಸೇರಿಸುವುದು ಉಚಿತವಲ್ಲ. ಅಗಲವಾಗಿ ಬಾಗಿದ ಒಡಿಕತ್ತಿ ಮೂಲತಃ ಆಯುಧ. ಸಣ್ಣ ಪೀಚೆಕತ್ತಿ ಕೊಡವರ ಸಾಂಪ್ರದಾಯಿಕ ಉಡುಪಿನ ಅಂಗ. ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವ ವಿಧಿಗೆ ಇಂದಿಗೂ ಒಡಿಕತ್ತಿ ಬಳಕೆಯಲ್ಲಿದೆ. ಅದನ್ನು ಸೊಪ್ಪಿನ ಕತ್ತಿಯೆಂದು ದಾಖಲಿಸಿದರೆ ತಪ್ಪು ದಾಖಲೆಯಾಗುತ್ತದೆ.

ಕಳೆ ತೆಗೆಯುವ ಸಲಕರಣೆಗಳು

ಗಾತ್ರದಲ್ಲಿ ಚಿಕ್ಕವಾದುದರಿಂದ ಎಲ್ಲಕ್ಕಿಂತ ಮೊದಲು ಕಳೆದುಹೋಗುವವು ಕಳೆಯ ಸಲಕರಣೆಗಳು. ಕುರ್ಪಿಯು ಕುಳಿತು ಕಳೆ ತೆಗೆಯಲು ಬಳಸುವ ಗಿಡ್ಡ ಹಿಡಿಯ ಸಲಕರಣೆ. ಅಲಗು ಹಿಡಿಯ ನೇರಕ್ಕೇ ಇದ್ದರೆ ಮುಂದಕ್ಕೆ ನೂಕಿ ಬೇರನ್ನು ಕತ್ತರಿಸುವ ಬಗೆ. ಅಲಗು ಹಿಡಿಗೆ ಅಡ್ಡವಾಗಿ ಬಾಗಿದ್ದರೆ ತನ್ನತ್ತ ಕೆರೆಯುವ ಬಗೆ. ಹೂದೋಟಗಳಲ್ಲಿ ಸಸಿ ಕೀಳಲು, ಪಾತಿ ಸಡಿಲಿಸಲು ಬಳಸುವುದೂ ಇದನ್ನೇ.

ಕಳೆ ತೆಗೆಯುವ ಕೆಲಸವು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಸ್ತ್ರೀಯರದಾಗಿತ್ತು. ಈಗಲೂ ಅನೇಕ ಕಡೆ ಹಾಗೆಯೇ ಇದೆ. ಆದರೂ ಸಲಕರಣೆಗಳ ವಿಷಯವನ್ನು ವಿಚಾರಿಸುವವರು ಮನೆಯ ಗಂಡಸರನ್ನು ಕೇಳಿ ಹಿಂತಿರುಗುವುದೇ ಹೆಚ್ಚು. ನೇಗಿಲಿನ ಹತ್ತು ಭಾಗಗಳನ್ನು ಹೆಸರಿಸಬಲ್ಲ ಅಜ್ಜನಿಗೆ ಕಳೆಯ ಅಲಗುಗಳಲ್ಲಿ ಯಾವುದು ಯಾವ ಬೆಳೆಗೆ ಎಂಬುದು ತಿಳಿಯದಿರಬಹುದು; ಅಜ್ಜಿಗೆ ತಿಳಿದಿರುತ್ತದೆ. ಈ ಸಲಕರಣೆಗಳ ಹೆಸರು ಬೇಕಾದಲ್ಲಿ ಮನೆಯ ಹಿರಿಯ ಹೆಂಗಸರನ್ನು ಮೊದಲು ಕೇಳತಕ್ಕದ್ದು.

ತೋಟದ ಸಲಕರಣೆಗಳು

ಮಲೆನಾಡು ಮತ್ತು ಕರಾವಳಿಯ ಅಡಿಕೆ, ತೆಂಗಿನ ತೋಟಗಳ ಸಲಕರಣೆಗಳು ಬಯಲುಸೀಮೆಯವರಿಗೆ ಅಪರಿಚಿತ. ಕೊಕ್ಕಿನಂತೆ ಬಾಗಿದ ತುದಿಯುಳ್ಳ ಕತ್ತಿಯು ಅಲ್ಲಿನ ಸೊಪ್ಪು, ಪೊದೆ, ಕೊಂಬೆಗಳಿಗೆ ತಕ್ಕುದು. ಬಾಗಿದ ತುದಿಯು ಕೊಂಬೆಯನ್ನು ತನ್ನತ್ತ ಎಳೆಯುತ್ತದೆ. ನೆಲದ ಕಲ್ಲಿಗೆ ಬಾಯಿ ತಗಲದಂತೆಯೂ ಕಾಯುತ್ತದೆ. ಇದರೊಡನೆ ಸೊಂಟಕ್ಕೆ ಕಟ್ಟಿಕೊಳ್ಳುವ ಮರದ ಕೊಕ್ಕೆಯೂ ದೊರೆಯಬಹುದು. ಮರವೇರುವಾಗ ಕೈಗಳೆರಡೂ ಬಿಡುವಾಗಿರಬೇಕಾದುದರಿಂದ ಕತ್ತಿಯನ್ನು ಅದಕ್ಕೆ ತೂಗುಹಾಕುತ್ತಿದ್ದರು. ಹಿಂಬದಿಯಲ್ಲಿ ಕೊಳವೆಯುಳ್ಳ ಸಣ್ಣ ಕುಡುಗೋಲು ಅಥವಾ ಕೊಕ್ಕೆ ಸಿಕ್ಕಿದರೆ ಅದು ದೋಟಿಯ ತುದಿ. ಬಿದಿರಿನ ಗಳು ಎಂದೋ ಹಾಳಾಗಿ ಕಬ್ಬಿಣ ಮಾತ್ರ ಉಳಿದಿರುತ್ತದೆ.

ಮರದ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿದ ಅಲಗು ಕಂಡಾಗ ಗೊಂದಲವಾಗುವುದು ಸಹಜ. ತರಕಾರಿ ಹೆಚ್ಚುವ ಈಳಿಗೆಮಣೆಯೂ, ಅಡಿಕೆ ಸುಲಿಯುವ ಮೆಟ್ಟುಗತ್ತಿಯೂ ಕಾಲಿನಿಂದ ಅದುಮಿ ಹಿಡಿಯುವ ಸಲಕರಣೆಗಳೇ. ಕೆಲವು ಕಡೆ ಮೆಟ್ಟುಗತ್ತಿ ಎಂಬ ಹೆಸರು ಎರಡಕ್ಕೂ ಸಲ್ಲುತ್ತದೆ. ಅಲಗಿನ ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲುಗಳಿದ್ದು ಅಲಗು ಅಗಲವಾಗಿ ಬಾಗಿದ್ದರೆ ಅದು ಅಡುಗೆಮನೆಯದು. ಅಲಗು ಕಿರಿದಾಗಿದ್ದು, ಸಿಪ್ಪೆಯನ್ನು ಒತ್ತಿ ಬಿಡಿಸುವ ಒಂದೇ ಜಾಗದಲ್ಲಿ ಸವೆತವಿದ್ದು, ಹಲಗೆಯ ಮೇಲೆ ಅಡಿಕೆಯ ಚೊಗರಿನ ಕಂದು ಕಲೆಯಿದ್ದರೆ ಅದು ಸುಲಿಯುವ ಅಂಗಳದ್ದು.

ಒಂಟಿಯಾಗಿ ಸಿಗುವ ಬಿಡಿಭಾಗಗಳು

ಗುರುತಿಸಲು ಅತ್ಯಂತ ಕಷ್ಟಕರವಾದವು ಎತ್ತಿನ ಸಲಕರಣೆಗಳಿಂದ ಬೇರ್ಪಟ್ಟ ಭಾಗಗಳು. ಮರ ಗೆದ್ದಲು ತಿಂದು ಹೋದ ಮೇಲೆ ಉಳಿದ ಕಬ್ಬಿಣವು ಕೈಸಲಕರಣೆಯಂತೆ ಕಾಣುವುದರಿಂದ ಇವುಗಳ ಪರಿಚಯವೂ ಅವಶ್ಯ.

ಮೊಳದಷ್ಟು ಉದ್ದದ, ಒಂದು ತುದಿ ಮೊನಚಾದ ಕಬ್ಬಿಣದ ಪಟ್ಟಿ ಸಿಕ್ಕಿದರೆ ಅದನ್ನು ಮುರಿದ ಹಾರೆಯೆಂದು ಬಗೆಯಬಾರದು. ಒಂದೇ ಮುಖ ಸವೆದಿದ್ದರೆ ಅದು ನೇಗಿಲಿನ ಗುಳ. ಎರಡೂ ತುದಿಗಳಲ್ಲಿ ಮೇಲಕ್ಕೆ ಬಾಗಿದ ಇಲ್ಲವೇ ತೂತುಗಳುಳ್ಳ, ಮುಂದಿನ ಅಂಚು ಹರಿತವಾದ ಅಡ್ಡ ಅಲಗು ಕುಂಟೆಯ ಕುಡ. ಅದು ಕಪ್ಪುಮಣ್ಣಿನ ಹೊಲದ ಮೇಲ್ಪದರವನ್ನು ಕೆರೆದು ಕಳೆಯನ್ನು ಬೇರುಸಹಿತ ಕತ್ತರಿಸುತ್ತದೆ. ಅದೇ ಆಕಾರದ ಚಿಕ್ಕ ಅಲಗು ಬೆಳೆಯ ಸಾಲುಗಳ ನಡುವೆ ಹಾಯಿಸುವ ಎಡೆಕುಂಟೆಯದು. ಹಗ್ಗದಿಂದ ಅಥವಾ ಬಿದಿರಿನಿಂದ ಹೆಣೆದ ಬುಟ್ಟಿಯಾಕಾರದ ಎರಡು ಬಲೆಗಳು ಜೊತೆಯಾಗಿ ಸಿಕ್ಕಿದರೆ ಅವು ಎಡೆ ಹೊಡೆಯುವಾಗ ಪೈರಿಗೆ ಬಾಯಿ ಹಾಕದಂತೆ ಎತ್ತುಗಳ ಮೂತಿಗೆ ಕಟ್ಟುವ ಕುಕ್ಕೆಗಳು.

ಎಲ್ಲಕ್ಕಿಂತ ಹೆಚ್ಚು ಸೋಜಿಗ ಹುಟ್ಟಿಸುವ ವಸ್ತುವೆಂದರೆ ತಳದಲ್ಲಿ ಹಲವು ತೂತುಗಳುಳ್ಳ ಮರದ ಬಟ್ಟಲು. ಇದು ಕೂರಿಗೆಯ ಬಟ್ಟಲು. ಬಿತ್ತುವವರು ಮುಷ್ಟಿಯಿಂದ ಬೀಜವನ್ನು ಒಂದೇ ಹದದಲ್ಲಿ ಇದಕ್ಕೆ ಬಿಡುತ್ತಿದ್ದರು. ಬೀಜವು ತೂತುಗಳಿಗೆ ಜೋಡಿಸಿದ ಬಿದಿರಿನ ಕೊಳವೆಗಳ ಮೂಲಕ ಕೂರಿಗೆಯ ತಾಳುಗಳು ತೆರೆದ ಗೆರೆಗಳಿಗೆ ಇಳಿಯುತ್ತಿತ್ತು. ತೂತುಗಳ ಸಂಖ್ಯೆಯೇ ತಾಳುಗಳ ಸಂಖ್ಯೆ. ಪ್ರದೇಶ ಮತ್ತು ಬೆಳೆಗೆ ಅನುಸಾರವಾಗಿ ಅದು ಎರಡರಿಂದ ಹನ್ನೆರಡರವರೆಗೂ ಇರುವುದುಂಟು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೂರಿಗೆಯ ವಿವರವನ್ನು ಬರೆದಿಟ್ಟನು. ಅವನ ಗ್ರಂಥವು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಭಾರತದ ಬೇಸಾಯವನ್ನು ಪರಿಶೀಲಿಸಲು 1889ರಲ್ಲಿ ಬಂದ ಜಾನ್ ಅಗಸ್ಟಸ್ ವೋಲ್ಕರ್ ಎಂಬ ರಸಾಯನಶಾಸ್ತ್ರಜ್ಞನೂ 1893ರ ತನ್ನ ವರದಿಯಲ್ಲಿ ಇಲ್ಲಿನ ಸಲಕರಣೆಗಳನ್ನು ಒರಟೆಂದು ತಳ್ಳಿಹಾಕಲಿಲ್ಲ. ಇಲ್ಲಿನ ರೈತನ ಪರಿಸ್ಥಿತಿಗೆ ಅವು ಹೊಂದಿಕೊಂಡಿರುವುದನ್ನು ಗುರುತಿಸಿದನು. ಅಟ್ಟದ ಮೇಲಿನ ತೂತುಬಟ್ಟಲು ಇಂತಹ ಒಂದು ವಿವೇಕಯುತ ಯಂತ್ರದ ಹೃದಯಭಾಗವೆಂಬುದನ್ನು ತಿಳಿದವರು ಅದನ್ನು ಒಲೆಗೆ ಹಾಕಲಾರರು.

ಎಷ್ಟು ಹಳೆಯದು?

ಆಕಾರವನ್ನು ನೋಡಿ ಕಾಲವನ್ನು ಹೇಳುವುದು ಸುಲಭವಲ್ಲ. ಕುಡುಗೋಲಿನ ಆಕಾರವು ಸಾವಿರಾರು ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ದೊರೆತಿರುವ ಕಬ್ಬಿಣದ ವಸ್ತುಗಳು ಸುಮಾರು ಮೂರು ಸಾವಿರ ವರ್ಷಗಳಷ್ಟು ಹಿಂದಿನವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಗೋರಿಗಳ ಕಾಲದ ಕಬ್ಬಿಣದ ಸಲಕರಣೆಗಳು ದೊರೆತವು. ಆ ಕಾಲದ ಕೊಡಲಿಗಳಲ್ಲಿ ಕಣ್ಣಿರದೆ, ಚಪ್ಪಟೆ ಅಲಗನ್ನು ಅಡ್ಡಾದಿಡ್ಡಿಯಾದ ಕಬ್ಬಿಣದ ಪಟ್ಟಿಗಳಿಂದ ಕಾವಿಗೆ ಬಿಗಿಯುತ್ತಿದ್ದುದು ಗಮನಾರ್ಹ. ಬಳ್ಳಾರಿಯ ಬಳಿಯ ಸಂಗನಕಲ್ಲು ಅದಕ್ಕೂ ಹಿಂದಿನ ನವಶಿಲಾಯುಗದಲ್ಲಿ ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿಗಳ ತಯಾರಿಕೆಯ ನೆಲೆಯಾಗಿತ್ತು.

ಆದರೆ ಮನೆಗಳಲ್ಲಿ ಸಿಗುವ ಸಲಕರಣೆಗಳು ಬಹುತೇಕ ಕಳೆದ ನೂರು–ನೂರೈವತ್ತು ವರ್ಷಗಳ ಒಳಗಿನವು. ಅವುಗಳಲ್ಲಿ ಊರ ಕುಲುಮೆಯದು ಯಾವುದು, ಕಾರ್ಖಾನೆಯದು ಯಾವುದು ಎಂಬುದನ್ನು ಬೇರ್ಪಡಿಸಬಹುದು. ಕುಲುಮೆಯ ಅಲಗಿನ ದಪ್ಪ ಒಂದೇ ಸಮನಾಗಿರದು. ಸುತ್ತಿಗೆಯ ಏಟಿನ ತಗ್ಗುಗಳು ಓರೆ ಬೆಳಕಿನಲ್ಲಿ ಕಾಣುತ್ತವೆ. ಕಣ್ಣಿನ ಹತ್ತಿರ ಕಬ್ಬಿಣವನ್ನು ಮಡಿಸಿ ಬೆಸೆದ ಗೆರೆ ಇರುತ್ತದೆ. ಅವುಗಳ ಮೇಲೆ ಸಾಮಾನ್ಯವಾಗಿ ತಯಾರಕನ ಹೆಸರಿರುವುದಿಲ್ಲ. ಇದಕ್ಕೆ ಕಾರಣವುಂಟು. ಕಮ್ಮಾರ, ಬಡಗಿ ಮುಂತಾದ ಆಯಗಾರರು ವರ್ಷವಿಡೀ ರೈತರ ಸಲಕರಣೆಗಳನ್ನು ಮಾಡಿ, ದುರಸ್ತಿಗೊಳಿಸಿ, ಸುಗ್ಗಿಯಲ್ಲಿ ಕಣದಿಂದ ಧಾನ್ಯರೂಪದ ಆಯವನ್ನು ಪಡೆಯುತ್ತಿದ್ದರು. ಯಾರು ಮಾಡಿದರೆಂಬುದು ಇಡೀ ಊರಿಗೇ ತಿಳಿದಿರುವಾಗ ಹೆಸರು ಕೊರೆಯುವ ಅಗತ್ಯವೆಲ್ಲಿ?

ಕಾರ್ಖಾನೆಯ ವಸ್ತುವಿನ ಮೇಲೆ ಹೆಸರು, ಸಂಖ್ಯೆ ಅಥವಾ ತೂಕದ ಅಚ್ಚು ಇರುವುದು ಸಾಮಾನ್ಯ. ಇಂಗ್ಲೆಂಡಿನ ಅಚ್ಚಿದ್ದರೆ ಬಹುಶಃ ಸ್ವಾತಂತ್ರ್ಯಪೂರ್ವದ ಆಮದು. 1920ರ ದಶಕದಿಂದ ಟಾಟಾ ಸಂಸ್ಥೆಯ ‘ಅಗ್ರಿಕೊ’ ಗುರುತಿನ ಗುದ್ದಲಿ, ಪಿಕಾಸಿಗಳು ಬಳಕೆಗೆ ಬಂದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಆರಂಭವಾಯಿತು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ಮೇಲೆ ಕಿರ್ಲೋಸ್ಕರ್ ಹೆಸರು ಕಾಣಬ���ುದು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1910ರಲ್ಲಿ ತಮ್ಮ ಕಾರ್ಖಾನೆಯನ್ನು ಇಂದಿನ ಮಹಾರಾಷ್ಟ್ರದ ಕಿರ್ಲೋಸ್ಕರ್‌ವಾಡಿಗೆ ಸಾಗಿಸಿದರು.

ನೆರೆಭಾಷೆಗಳ ಹೆಸರುಗಳು

ಹೊರನಾಡಿನ ಕನ್ನಡಿಗರು ತಮ್ಮ ಮನೆಯ ಸಲಕರಣೆಯನ್ನು ನೆರೆಯವರಿಗೆ ವಿವರಿಸುವಾಗ ಹೆಸರುಗಳ ಹೋಲಿಕೆಯನ್ನು ನಂಬಿ ಮೋಸಹೋಗಬಾರದು. ಕನ್ನಡದ ಗುದ್ದಲಿ ಅಗೆಯುವುದಕ್ಕೆ. ತೆಲುಗಿನ ‘ಗೊಡ್ಡಲಿ’ ಎಂದರೆ ಕೊಡಲಿ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾದಂತೆ ‘ಪಾರೆ’ಯು ಹಾರೆಯಾಗಿದೆ. ತಮಿಳಿನ ‘ಕಡಪ್ಪಾರೈ’ಯಲ್ಲಿ ಆ ಪದವೇ ಅದೇ ಅರ್ಥದಲ್ಲಿ ಉಳಿದಿದೆ, ತೆಲುಗಿನ ‘ಪಾರ’ ಮಾತ್ರ ಗುದ್ದಲಿಯನ್ನು ಸೂಚಿಸುತ್ತದೆ. ಹೈದರಾಬಾದಿನ ಅಂಗಡಿಯಲ್ಲಿ ಹಾರೆಯೆಂದು ಭಾವಿಸಿ ‘ಪಾರ’ ಕೇಳಿದವರಿಗೆ ಗುದ್ದಲಿ ದೊರೆಯುತ್ತದೆ.

ಕುಡುಗೋಲಿಗೆ ಮರಾಠಿಯಲ್ಲಿ ‘ವಿಳಾ’, ತಮಿಳಿನಲ್ಲಿ ‘ಅರಿವಾಳ್’, ತೆಲುಗಿನಲ್ಲಿ ‘ಕೊಡವಲಿ’, ಹಿಂದಿಯಲ್ಲಿ ‘ಹಂಸಿಯಾ’ ಎಂಬ ಹೆಸರುಗಳಿವೆ. ಮರಾಠಿಯ ‘ಕೊಯ್ತಾ’ ಕಬ್ಬು ಕಡಿಯುವಂತಹ ಹೆಚ್ಚು ಭಾರದ ಸಲಕರಣೆ. ಗುದ್ದಲಿಗೆ ಹತ್ತಿರವಾದುದು ಹಿಂದಿಯ ‘ಫಾವಡಾ’, ಮರಾಠಿಯ ‘ಫಾವಡೆ’. ನಮ್ಮ ಕುರ್ಪಿ ಮರಾಠಿಯಲ್ಲಿ ‘ಖುರಪೆ’, ಹಿಂದಿಯಲ್ಲಿ ‘ಖುರಪೀ’. ಕೂರಿಗೆಗೆ ಮರಾಠಿಯಲ್ಲಿ ‘ತಿಫಣ’, ‘ಪಾಭರ’, ತೆಲುಗಿನಲ್ಲಿ ‘ಗೊರ್ರು’. ಕುಂಟೆಗೆ ಮರಾಠಿಯಲ್ಲಿ ‘ಕುಳವ’, ತೆಲುಗಿನಲ್ಲಿ ‘ಗುಂಟಕ’. ಒಂದೇ ಕೆಲಸಕ್ಕೆ ಇಷ್ಟೊಂದು ಹೆಸರುಗಳಿರುವುದು ಭಾರತದ ಬೇಸಾಯಗಾರರ ಅನುಭವ ಒಂದೇ ಆಗಿದ್ದು ಮಾತು ಹಲವಾಗಿರುವುದಕ್ಕೆ ಸಾಕ್ಷಿ.

ಶುಚಿಗೊಳಿಸುವುದು, ಕಾಪಾಡುವುದು

ಹಳೆಯ ಸಲಕರಣೆಗೆ ಅತಿಯಾದ ಶುಚಿಯೇ ದೊಡ್ಡ ಹಾನಿ. ಆಮ್ಲದಲ್ಲಿ ನೆನೆಹಾಕುವುದು, ಯಂತ್ರದಿಂದ ಉಜ್ಜಿ ಹೊಳಪು ಕೊಡುವುದು, ಬಣ್ಣ ಬಳಿಯುವುದು, ಸವೆದ ಹಿಡಿಯನ್ನು ತೆಗೆದು ಹೊಸದನ್ನು ಹಾಕಿಸುವುದು ಇವು ಮೇಲೆ ಹೇಳಿದ ಗುರುತುಗಳನ್ನೆಲ್ಲ ಅಳಿಸಿಹಾಕುತ್ತವೆ. ಒಣ ಬ್ರಷ್‌ನಿಂದ ಧೂಳನ್ನೂ ಬಿಡಿತುಕ್ಕನ್ನೂ ತೆಗೆದು, ಕಬ್ಬಿಣಕ್ಕೆ ತೆಳುವಾಗಿ ಯಂತ್ರದ ಎಣ್ಣೆಯನ್ನೂ ಮರಕ್ಕೆ ಅಗಸೆ ಎಣ್ಣೆಯನ್ನೂ ಸವರಿ, ಒಣ ಜಾಗದಲ್ಲಿ ನೆಲಕ್ಕೆ ತಾಗದಂತೆ ಇಟ್ಟರೆ ಸಾಕು. ಈ ಕೆಲಸ ಮಾಡುವಾಗ ದಪ್ಪ ಕೈಗವಸು ಧರಿಸಬೇಕು. ಮಣ್ಣಿನಲ್ಲಿದ್ದ ಅಲಗು ತಗಲಿ ಗಾಯವಾದರೆ ಕೂಡಲೇ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು. ವಿಮಾನದಲ್ಲಿ ಹರಿತವಾದ ಸಲಕರಣೆಗಳನ್ನು ಕೈಚೀಲದಲ್ಲಿ ಒಯ್ಯಲು ಅವಕಾಶವಿಲ್ಲ.

ಕಾನೂನಿನ ಎರಡು ಅಂಶಗಳೂ ತಿಳಿದಿರಬೇಕು. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಹಳೆಯದಾದ, ಐತಿಹಾಸಿಕ ಮಹತ್ವದ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ. ಅವುಗಳನ್ನು ಖಾಸಗಿಯಾಗಿ ವಿದೇಶಕ್ಕೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಕತ್ತಿಯನ್ನು ಕಳುಹಿಸಬಯಸುವವರು ಮೊದಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸುವುದು ಕ್ಷೇಮ. ಮನೆಯ ತಳಪಾಯ ಅಥವಾ ಬಾವಿ ತೋಡುವಾಗ ಕಲ್ಲುಕೊಡಲಿ, ಪ್ರಾಚೀನ ಕಬ್ಬಿಣ ಮುಂತಾದವು ದೊರೆತರೆ ಅವನ್ನು ತೊಳೆಯದೆ, ಮಾರದೆ, ದೊರೆತ ಸ್ಥಳ ಮತ್ತು ಆಳವನ್ನು ಬರೆದಿಟ್ಟುಕೊಂಡು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.

ದಾಖಲೆಯ ಕ್ರಮ

ಪ್ರತಿ ವಸ್ತುವಿಗೂ ಒಂದು ಚೀಟಿಯನ್ನು ದಾರದಿಂದ ಕಟ್ಟಿ, ಈ ಕೆಳಗಿನ ವಿವರಗಳನ್ನು ಪುಸ್ತಕವೊಂದರಲ್ಲಿ ಬರೆದಿಡುವುದು ಸೂಕ್ತ:

1. ಮನೆಯವರು ಕರೆಯುತ್ತಿದ್ದ ಹೆಸರು, ಆಡುಮಾತಿನಲ್ಲಿ ಇದ್ದಂತೆಯೇ.
2. ಊರು, ತಾಲ್ಲೂಕು, ಜಿಲ್ಲೆ.
3. ಯಾವ ಬೆಳೆಗೆ, ಯಾವ ತಿಂಗಳಿನಲ್ಲಿ, ಯಾವ ಕೆಲಸಕ್ಕೆ ಬಳಸುತ್ತಿದ್ದರು.
4. ಗಂಡಸರು ಬಳಸುತ್ತಿದ್ದರೋ, ಹೆಂಗಸರೋ.
5. ಮಾಡಿದವರು ಯಾರು, ಹಿಡಿಗೆ ಯಾವ ಮರ.
6. ಉದ್ದ, ಅಗಲ, ತೂಕ; ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ತೆಗೆದ ಛಾಯಾಚಿತ್ರ.
7. ವಿವರ ಹೇಳಿದವರ ಹೆಸರು, ವಯಸ್ಸು, ಹೇಳಿದ ದಿನಾಂಕ.

ಮೊದಲ ಅಂಶದಲ್ಲಿ ಗ್ರಂಥಭಾಷೆಗೆ ತಿದ್ದುವ ಮೋಹ ಸಲ್ಲದು. ಕುಡ್ಲು ಎಂದವರ ಬಾಯಲ್ಲಿ ಕುಡುಗೋಲು ಎಂದು ಬರೆದರೆ ಊರಿನ ಗುರುತೇ ಹೋಗುತ್ತದೆ. ಸಾಧ್ಯವಾದರೆ ಅವರು ಸಲಕರಣೆಯನ್ನು ಹಿಡಿದು ತೋರಿಸುವ ರೀತಿಯನ್ನು ಮೊಬೈಲ್ ದೂರವಾಣಿಯಲ್ಲಿ ಚಿತ್ರೀಕರಿಸಬೇಕು. ಬಾಯಿಂದ ವಿವರಿಸಲಾಗದ ಸಂಗತಿಯನ್ನು ಕೈ ತಾನಾಗಿ ತೋರಿಸಿಕೊಡುತ್ತದೆ.

ಹೋಲಿಸಿ ನೋಡಬಯಸುವವರಿಗೆ ರಾಮನಗರದ ಬಳಿಯ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ದೆಹಲಿಯ ಪೂಸಾ ಆವರಣದಲ್ಲಿ 2004ರಲ್ಲಿ ಆರಂಭವಾದ ರಾಷ್ಟ್ರೀಯ ಕೃಷಿ ವಿಜ್ಞಾನ ವಸ್ತುಸಂಗ್ರಹಾಲಯ ಇವು ಉಪಯುಕ್ತ. ಹೋಗುವ ಮುನ್ನ ವೀಕ್ಷಣೆಯ ವೇಳೆಯನ್ನು ವಿಚಾರಿಸಿಕೊಳ್ಳುವುದು ಒಳಿತು. ವಸ್ತುಸಂಗ್ರಹಾಲಯಕ್ಕೆ ದಾನ ಮಾಡಬಯಸುವವರು ವಸ್ತುವಿನೊಡನೆ ಮೇಲಿನ ವಿವರಗಳನ್ನೂ ಕೊಟ್ಟರೆ ಅದರ ಮೌಲ್ಯ ಹಲವು ಪಟ್ಟು ಹೆಚ್ಚುತ್ತದೆ.

ಈ ಕಾರ್ಯಕ್ಕೆ ಪ್ರಶಸ್ತವಾದ ಕಾಲವೊಂದು ನಮ್ಮ ಸಂಪ್ರದಾಯದಲ್ಲಿಯೇ ಇದೆ. ನವರಾತ್ರಿಯ ಆಯುಧಪೂಜೆಯಂದು ಮನೆಯ ಸಲಕರಣೆಗಳನ್ನೆಲ್ಲ ಹೊರತೆಗೆದು, ತೊಳೆದು, ಸಾಲಾಗಿ ಜೋಡಿಸಿ ಪೂಜಿಸುತ್ತಾರೆ. ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್ ಮುಹೂರ್ತವೂ ಇಂತಹುದೇ. ರಜೆಯಲ್ಲಿ ಊರಿಗೆ ಬಂದ ಮಕ್ಕಳೂ ಮನೆಯ ಹಿರಿಯರೂ ಅಂದು ಒಂದೇ ಪಡಸಾಲೆಯಲ್ಲಿರುತ್ತಾರೆ. ಅರಿಶಿನ ಕುಂಕುಮ ಹಚ್ಚುವ ಮುನ್ನ ಒಂದೊಂದನ್ನೇ ಕೈಗೆತ್ತಿಕೊಂಡು ಇದರ ಹೆಸರೇನು, ಇದರಿಂದ ಯಾರು ಏನು ಮಾಡುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಲು ಒಂದು ಗಂಟೆ ಸಾಕು. ಮುಂದಿನ ವರ್ಷದ ಪೂಜೆಗೆ ಸಲಕರಣೆಗಳೇನೋ ಇರುತ್ತವೆ. ಉತ್ತರ ಹೇಳುವವರು ಇರುವಾಗಲೇ ಕೇಳುವುದು ಜಾಣತನ.